ಫ್ರೀಜರ್ ಆಂಬುಲೆನ್ಸ್, ಎಂಬಾಮಿಂಗ್ ಕೋಣೆ: ಪರವಾನಗಿ ಯಾರಿಗೆ, ತಪಾಸಣೆ ಯಾರಿಂದ?

ಡೊಂಬಿವಲಿ ನಿವಾಸಿ:
ಕಳೆದ ಮೇ ತಿಂಗಳಲ್ಲಿ ದೊಡ್ಡಪ್ಪ ಇಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಊರಿನಲ್ಲೇ ಸಂಸ್ಕಾರ ಮಾಡಬೇಕೆಂದು ಪಾರ್ಥಿವ ಶರೀರವನ್ನು ಕುಂದಾಪುರಕ್ಕೆ ಒಯ್ಯಲು ಫ್ರೀಜರ್ ಪೆಟ್ಟಿಗೆಯಿರುವ ಆಂಬುಲೆನ್ಸ್ ಗೊತ್ತುಮಾಡಿದೆವು. ಮಹಾಡ್ ದಾಟುವಷ್ಟರಲ್ಲಿ ಪೆಟ್ಟಿಗೆಯ ಗಾಜಿನ ಒಳಮೈಯಿಂದ ನೀರು ಹನಿಯುತ್ತಿತ್ತು; ಕಂಪ್ರೆಸರ್ ನಿಂತು ಎಷ್ಟು ಹೊತ್ತಾಗಿತ್ತೋ ಚಾಲಕನಿಗೂ ತಿಳಿದಿರಲಿಲ್ಲ. ಚಿಪ್ಳೂಣದಲ್ಲಿ ಐಸ್ ಕೊಂಡು ತುಂಬಿಸಿದೆವು. ಅವರು ಕೊಟ್ಟ ರಸೀದಿಯಲ್ಲಿ ‘ಸರ್ವಿಸ್’ ಎಂಬ ಒಂದೇ ಶಬ್ದ, ಅದರ ಮುಂದೆ ಮೊತ್ತ. ಅಂತ್ಯಕ್ರಿಯೆಗೆ ಸೇವೆ ಒದಗಿಸುವ ಎಲ್ಲರಿಗೂ ಪರವಾನಗಿಯೂ ನಿಯಮಿತ ತಪಾಸಣೆಯೂ ಕಡ್ಡಾಯವಾಗಬೇಕು.

ಮಾಟುಂಗಾ ಓದುಗ:
ನಿಮಗಾದ ಸಂಕಟ ದೊಡ್ಡದು. ಆದರೂ ಈ ಬೇಡಿಕೆಯನ್ನು ನಾನು ಒಪ್ಪಲಾರೆ. ನಡುರಾತ್ರಿ ಬಾಗಿಲು ತಟ್ಟಿದರೆ ಎದ್ದು ಬಂದು ಬಿದಿರು, ಮಡಕೆ, ಬಿಳಿ ಬಟ್ಟೆ ಕೊಡುವವರು ಇಬ್ಬರು ಮೂವರು ದುಡಿಯುವ ಸಣ್ಣ ಅಂಗಡಿಯವರು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯೇ ಕೆಲವೇ ಕೆಲಸಗಾರರಿರುವಲ್ಲಿ ನೋಂದಣಿ ಬೇಡ, ಮಾಹಿತಿ ಕೊಟ್ಟರೆ ಸಾಕು ಎಂದಿರುವಾಗ, ಅವರ ತಲೆಯ ಮೇಲೆ ಇನ್ನೊಂದು ಕಚೇರಿಯನ್ನು ಹೇರಿದರೆ ಉಳಿಯುವವರು ದೊಡ್ಡ ಬಂಡವಾಳದವರು ಮಾತ್ರ.

ನಿವೃತ್ತ ಆರೋಗ್ಯ ನಿರೀಕ್ಷಕ, ಭಾಂಡುಪ್:
ಸ್ಮಶಾನಗಳ ಮಟ್ಟಿಗೆ ಮುಂಬಯಿಯಲ್ಲಿ ಕಾನೂನಿನ ಕೊರತೆಯಿಲ್ಲ. 1888ರ ಪಾಲಿಕೆ ಕಾಯ್ದೆಯ ಪ್ರಕಾರ ಆಯುಕ್ತರ ಅನುಮತಿಯಿಲ್ಲದೆ ಹೊಸ ಸ್ಮಶಾನ ತೆರೆಯುವಂತಿಲ್ಲ. ಮರಣ ನೋಂದಣಿಗೆ 21 ದಿನಗಳ ಅವಧಿಯೂ ನಿಗದಿಯಾಗಿದೆ. ಕೊರತೆಯಿರುವುದು ಆಸ್ಪತ್ರೆಯ ಬಾಗಿಲಿಗೂ ಸ್ಮಶಾನದ ಬಾಗಿಲಿಗೂ ನಡುವೆ. ವಿಮಾನದಲ್ಲಿ ಕಳುಹಿಸಲು ಎಂಬಾಮಿಂಗ್, ಅಂದರೆ ದೇಹ ಕೊಳೆಯದಂತೆ ರಾಸಾಯನಿಕ ತುಂಬಿದ್ದರ, ಪ್ರಮಾಣಪತ್ರ ಕೇಳುತ್ತಾರೆ, ಆದರೆ ಆ ಕೋಣೆಯ ಗಾಳಿ ಎಂಥದು, ಅದಕ್ಕೆ ಬಳಸುವ ಫಾರ್ಮಾಲಿನ್ ಬೆರೆತ ನೀರು ಯಾವ ಗಟಾರಕ್ಕೆ ಹೋಗುತ್ತದೆ ಎಂದು ಆ ಕಾಗದ ಹೇಳುವುದಿಲ್ಲ.

ಇಂಥ ನಡುವಿನ ಜಾಗದಲ್ಲೇ ಅಮೆರಿಕವೂ ಎಡವಿತು. ಜಾರ್ಜಿಯಾದ ಒಂದು ಶವದಹನ ಕೇಂದ್ರದಲ್ಲಿ 2002ರಲ್ಲಿ ಸುಡದೆ ಬಿಟ್ಟ 300ಕ್ಕೂ ಹೆಚ್ಚು ದೇಹಗಳು ಸಿಕ್ಕವು. ಅಂತ್ಯಕ್ರಿಯಾ ಸಂಸ್ಥೆಗಳೊಂದಿಗೆ ಮಾತ್ರ ವ್ಯವಹರಿಸುತ್ತಿದ್ದ ಕಾರಣ ಅದು ಪರವಾನಗಿಯ ನಿಯಮದಿಂದ ಹೊರಗೆ ಉಳಿದಿತ್ತು. ಅಂತ್ಯಕ್ರಿಯಾ ನಿರ್ವಾಹಕರಿಗೆ ಪರವಾನಗಿಯೇ ಬೇಡವಾಗಿದ್ದ ಕೊಲೊರಾಡೊದಲ್ಲಿ 2023ರಲ್ಲಿ ಸುಮಾರು 190 ಕೊಳೆತ ದೇಹಗಳು ಪತ್ತೆಯಾದ ಮೇಲೆ, 2024ರಲ್ಲಿ ಪರವಾನಗಿಗೂ ತಪಾಸಣೆಗೂ ಕಾನೂನು ಮಾಡಿದರು. ನಾವೂ ಅಂಥದೊಂದು ದಿನಕ್ಕಾಗಿ ಕಾಯಬೇಕೆ?

ಗೋರೆಗಾಂವ್ ಗೃಹಿಣಿ:
ದರಪಟ್ಟಿಯ ವಿಷಯವನ್ನು ಯಾರೂ ಮರೆಯಬಾರದು. ದುಃಖದಲ್ಲಿರುವವರು ಚೌಕಾಸಿ ಮಾಡುವುದಿಲ್ಲ. ಅಮೆರಿಕದಲ್ಲಿ 1984ರಿಂದಲೇ, ಫೋನಿನಲ್ಲಿ ಕೇಳಿದರೂ ದರ ಹೇಳಬೇಕು, ಒಂದೊಂದು ಸೇವೆಯ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆದು ಕೊಡಬೇಕು ಎಂಬ ನಿಯಮವಿದೆ. ಇಲ್ಲಿ ರಾಷ್ಟ್ರೀಯ ಮಾನವ ಹಕ್ಕು ಆಯೋಗ ಶವವಾಹನಗಳ ದರಕ್ಕೆ ಕಡಿವಾಣ ಹಾಕಬೇಕೆಂದು 2021ರ ಮೇ ತಿಂಗಳಲ್ಲಿ ಸಲಹೆ ನೀಡಿತ್ತು. ಸಲಹೆಯನ್ನು ಚಾಲಕನ ಮುಂದೆ ಹಿಡಿದರೆ ಆತ ಕೇಳುತ್ತಾನೆಯೆ?

ಮಾಟುಂಗಾ ಓದುಗ:
ದರಪಟ್ಟಿಗೆ ನನ್ನ ಆಕ್ಷೇಪವಿಲ್ಲ. ಚಟ್ಟ ಕಟ್ಟುವವನನ್ನೂ ಎಂಬಾಮಿಂಗ್ ಮಾಡುವವನನ್ನೂ ಒಂದೇ ನಿಯಮದಡಿ ತರಬೇಡಿ ಎಂಬುದಷ್ಟೇ ನನ್ನ ವಾದ.

ಡೊಂಬಿವಲಿ ನಿವಾಸಿ:
ಆ ತಿದ್ದುಪಡಿಯನ್ನು ಒಪ್ಪಿದ್ದೇನೆ. ದೇಹವನ್ನು ತಮ್ಮ ವಶದಲ್ಲಿ ಇಟ್ಟುಕೊಳ್ಳುವವರಿಗೆ ಮಾತ್ರ ಪರವಾನಗಿ ಇರಲಿ. ಪೆಟ್ಟಿಗೆಯ ಹೊರಗಿನಿಂದ ಕಾಣುವಂತೆ ಥರ್ಮಾಮೀಟರ್, ಗಂಟೆಗೊಮ್ಮೆ ಉಷ್ಣತೆ ಬರೆದಿಡುವ ಪುಸ್ತಕ, ಹೊರಡುವ ಮುನ್ನ ಅದರಲ್ಲಿ ಮನೆಯವರ ಸಹಿ: ಇವಿಷ್ಟಿದ್ದಿದ್ದರೆ ನಮಗೆ ಮಹಾಡ್‌ಗಿಂತ ಮೊದಲೇ ಸಿಗುವ ಪನವೇಲಿನಲ್ಲೇ ತಿಳಿಯುತ್ತಿತ್ತು.