ನಗರದ ಕಲಾ ಸಂಘಕ್ಕೆ ಮುಂದೇನು? ಅನುಭವ ಇದ್ದವರು ಹೇಳಿ

ಹೊಸ ಕಾರ್ಯದರ್ಶಿ:
ನಮ್ಮ ಜಿಲ್ಲಾ ಕೇಂದ್ರದಲ್ಲಿ ಒಂದು ಕಲೆ ಮತ್ತು ಕ್ರೀಡಾ ಸಂಘ ಇದೆ, 1960ರ ಸಂಘಗಳ ನೋಂದಣಿ ಕಾಯ್ದೆಯದ್ದು. 300 ಸೀಟಿನ ಸಭಾಂಗಣ, ವಾಚನಾಲಯ, ಎರಡು ಶಟಲ್ ಕೋರ್ಟ್. ಜಾಗ ನಗರಸಭೆಯದ್ದು, ಲೀಸ್ ಇನ್ನು 3 ವರ್ಷ. ಕಮಿಟಿಯಲ್ಲಿ 60 ದಾಟದವನು ನಾನೊಬ್ಬನೇ, ಅದಕ್ಕೇ ಮುಂದಿನ ಹತ್ತು ವರ್ಷದ ಯೋಜನೆ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಹಾಲ್ ಮದುವೆಗೆ ಕೊಡೋಣ ಅಂತ ಕೆಲವರು, ಎಲ್ಲಾ ನಗರಸಭೆಗೆ ಒಪ್ಪಿಸಿ ಕೈ ತೊಳೆದುಕೊಳ್ಳೋಣ ಅಂತ ಕೆಲವರು. ಲೀಸ್ ಮುಂದುವರಿಸಿಕೊಂಡವರು ಇದ್ದೀರಾ? ಹೇಗೆ ಮಾಡಿದಿರಿ?

ಹಳೇ ಖಜಾಂಚಿ:
ಮದುವೆ ಅನ್ನುವ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾವು ಕೊಟ್ಟೆವು. ಒಂದೇ ವರ್ಷದಲ್ಲಿ ಮದುವೆ, ಮುಂಜಿ, ನಾಮಕರಣ ಸೇರಿ 38. ದಿನಕ್ಕೆ 22,000. ಎಲ್ಲರೂ ನನ್ನ ಬೆನ್ನು ತಟ್ಟಿದರು, ಒಬ್ಬರು ಶಾಲು ಕೂಡ ಹೊದಿಸಿದರು. ಲೆಕ್ಕಪತ್ರದ ಹೊತ್ತಿಗೆ ಆಡಿಟರ್ ಕರೆದು ಕೂರಿಸಿಕೊಂಡರು. ನಮ್ಮಂಥ ಸಾರ್ವಜನಿಕ ಉಪಯೋಗದ ಸಂಘಕ್ಕೆ ವ್ಯಾಪಾರದ ಥರದ ಆದಾಯ ಆ ವರ್ಷದ ಒಟ್ಟು ಜಮೆಯ 20% ದಾಟಬಾರದಂತೆ, ದಾಟಿದರೆ ಆ ವರ್ಷದ ತೆರಿಗೆ ವಿನಾಯಿತಿ ಹೋಯಿತು. ನಮ್ಮದು 71%! ತೆರಿಗೆ, ಬಡ್ಡಿ, ಆಡಿಟರು, ವಕೀಲರು ಎಲ್ಲಾ ಸೇರಿ 2,14,600 ಕಟ್ಟಿದೆವು. ಮುರಿದ ಕುರ್ಚಿ 61. ಒಂದು ಮದುವೆಯವರು ವೇದಿಕೆಯ ಮರದ ಹಲಗೆಯ ಮೇಲೇ ಹೋಮ ಮಾಡಿದ್ದಾರೆ ಮಾರಾಯ್ರೇ, ಕೆಳಗೆ ನಾಲ್ಕು ಇಟ್ಟಿಗೆ ಇಟ್ಟು. ಆ ಸುಟ್ಟ ಕಲೆ ಇವತ್ತಿಗೂ ಇದೆ. ನಾಟಕದವರು ಬಂದರೆ ಅದರ ಮೇಲೆ ಚಾಪೆ ಹಾಸಿಕೊಳ್ಳುತ್ತಾರೆ.

ನೇಪಥ್ಯ:
ಹೋಮಕ್ಕೆ ವೇದಿಕೆ ಕೊಟ್ಟು ಆಮೇಲೆ ಕಲೆ ನೋಡಿ ಅಳೋದ್ಯಾಕೆ ಖಜಾಂಚಿಗಳೇ? ನಾವು ಒಂಬತ್ತು ವರ್ಷದಲ್ಲಿ ಒಂದೇ ಒಂದು ಮದುವೆಗೂ ಕೊಟ್ಟಿಲ್ಲ. ಟಿಕೆಟ್ 100 ರೂಪಾಯಿ. ಪಾಸ್ ಅನ್ನೋದೇ ಇಲ್ಲ, ಎಷ್ಟು ದೊಡ್ಡವರಾದರೂ ಕೌಂಟರಿಗೆ ಬರಬೇಕು. ನಾಟಕದ ಟಿಕೆಟ್ 500ರ ಒಳಗಿದ್ದರೆ ಜಿಎಸ್‌ಟಿಯೂ ಇಲ್ಲ. ಬೆಂಗಳೂರಿನ ರಂಗಶಂಕರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲವಲ್ಲ, ಆ ನಿಯಮ ನಾವೂ ತಂದೆವು. ಮೊದಲ ದಿನ 46 ಜನ ಗೇಟಿನ ಹೊರಗೆ ನಿಂತು ಬೈದರು. ಈಗ ಅವರೇ ಅರ್ಧ ಗಂಟೆ ಮುಂಚೆ ಬಂದು ಕಡ್ಲೆಕಾಯಿ ತಿನ್ನುತ್ತಾ ಕೂತಿರುತ್ತಾರೆ.

ನಮ್ಮನ್ನು ಹಿಂಡಿದ್ದು ಹೆಂಗಸರ ಶೌಚಾಲಯ. ಅಂದಾಜು 4,12,000, ಮುಗಿಯುವಾಗ 6,90,000. ಪೈಪು ಹಾಕಿದವನು ಇಳಿಜಾರು ತಪ್ಪಿಸಿದ್ದ, ಹೊಸ ಟೈಲ್ಸ್ ಒಡೆದು ಮತ್ತೆ ಹಾಕಿಸಿದೆವು. ಆದರೆ ಅದು ಸರಿಯಾದ ಮೇಲೇ ಜನ ಮನೆಮಂದಿಯ ಜೊತೆ ಬರೋಕೆ ಶುರು ಮಾಡಿದ್ದು.

ಹಳೇ ಖಜಾಂಚಿ:
100 ರೂಪಾಯಿ ಟಿಕೆಟ್ಟಿನಲ್ಲಿ ಹಾಲ್ ತುಂಬುತ್ತೆ ಅಂತೀರಾ? ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಅದನ್ನು ಹೇಳಿ ಮೊದಲು.

ನೇಪಥ್ಯ:
ತುಂಬುತ್ತೆ ಅಂತ ಎಲ್ಲಿ ಬರೆದೆ? 110 ಜನ ಬಂದರೆ ನಮಗೆ ಹಬ್ಬ. ಬಿಲ್ ಎರಡು ಸಲ ನಾನೇ ಕೈಯಿಂದ ಕಟ್ಟಿದ್ದೇನೆ, ಶಾಲು ಹೊದಿಸಿಕೊಳ್ಳಲಿಲ್ಲ.

ಬೆಳಗಿನ ಬ್ಯಾಚ್:
ಬಿಲ್ ಕಟ್ಟುವವರು ನಾವು ಸಾರ್, ಶಟಲ್ ಆಡುವವರು. ನಮ್ಮ ಸಂಘದಲ್ಲಿ ತಿಂಗಳಿಗೆ 900ರಂತೆ 112 ಜನ, ಲೆಕ್ಕ ಹಾಕಿ. ನಾಟಕ, ಸಂಗೀತ, ಯುಗಾದಿ ಕವಿಗೋಷ್ಠಿ ಎಲ್ಲಾ ಅದರಲ್ಲೇ ನಡೆಯೋದು. ಕೋರ್ಟಿಗೆ ಮ್ಯಾಟ್ ಬೇಕು ಅಂತ ಸಿಎಸ್‌ಆರ್ ದುಡ್ಡಿಗೆ, ಅಂದರೆ ಕಂಪನಿಗಳು ಸಮಾಜಸೇವೆಗೆ ಕೊಡುವ ದುಡ್ಡಿಗೆ ಓಡಾಡಿದೆವು. ಆ ದುಡ್ಡು ಪಡೆಯೋಕೆ ಸಂಘ ಮಾಡಿಸಬೇಕಾದ ಸಿಎಸ್‌ಆರ್-1 ನೋಂದಣಿ ಇಲ್ಲ ಅಂತ ಮೊದಲ ಕಂಪನಿ ವಾಪಸ್ ಕಳಿಸಿತು, 2021ರಿಂದ ಅದು ಕಡ್ಡಾಯ. ಎರಡನೆಯವರು ಸದಸ್ಯರ ಆಟಕ್ಕೆ ಕೊಡಲ್ಲ, ಮಕ್ಕಳ ತರಬೇತಿ ಅಂದರೆ ಕೊಡುತ್ತೇವೆ ಅಂದರು. ಸರಿ ಅಂತ ಬಡಾವಣೆ ಶಾಲೆಯ 30 ಮಕ್ಕಳನ್ನು ಸೇರಿಸಿದೆವು. 14 ತಿಂಗಳು ಕಾದು ಮ್ಯಾಟ್ ಬಂತು. ಹಾಸಿ ಇಪ್ಪತ್ತು ದಿನ ಆಗಿಲ್ಲ, ಮಳೆ ಅಂತ ಯಕ್ಷಗಾನ ತರಗತಿಯವರು ಒಳಗೆ ಬಂದು ಗೆಜ್ಜೆ ಕಟ್ಟಿ ಕುಣಿದು ಎರಡು ಕಡೆ ಹರಿದುಹಾಕಿದರು.

ನೇಪಥ್ಯ:
ಗೆಜ್ಜೆಗೆ ಮ್ಯಾಟ್ ಹರಿಯಲ್ಲ. ನಿಮ್ಮವರು ಬೀದಿಯ ಬೂಟಿನಲ್ಲೇ ಆಡಿರುತ್ತಾರೆ.

ವಾಚನಾಲಯ ಮೇಡಂ:
ಜಗಳ ಆಮೇಲೆ ಆಡಿ. ನಾವು ನಗರಸಭೆಗೆ ಒಪ್ಪಿಸಿದವರು, ಯಾವ ಊರು ಅಂತ ಹೇಳಲ್ಲ. ಆಸ್ತಿ ತೆರಿಗೆ ಜೊತೆ 6% ಗ್ರಂಥಾಲಯ ಕರ ವಸೂಲಿ ಮಾಡುತ್ತಾರಲ್ಲ, ನಮ್ಮ ವಾಚನಾಲಯ ಅದರಲ್ಲಿ ನಡೆಯುತ್ತೆ ಅಂದುಕೊಂಡೆವು. ಆ ದುಡ್ಡು ವಸೂಲಿ ಮಾಡೋದಷ್ಟೇ ಅವರು, ಸೇರಬೇಕಾದ್ದು ಗ್ರಂಥಾಲಯ ಪ್ರಾಧಿಕಾರಕ್ಕೆ ಅಂತ ಸಹಿ ಹಾಕಿದ ಮೇಲೆ ಗೊತ್ತಾಯಿತು. 4,300 ಪುಸ್ತಕ ಹನ್ನೊಂದು ದಿನ ಎಣಿಸಿ, ಪ್ರತಿ ಪುಟಕ್ಕೆ ಸಹಿ ಮಾಡಿ ಕೊಟ್ಟಿದ್ದೆ. ಈಗ ಬೀಗ. ಕಿಟಕಿಯಿಂದ ಬಗ್ಗಿ ನೋಡಿದರೆ ಪೇಪರ್ ಓದುವ ಓರೆ ಮೇಜಿನ ಮೇಲೆ ಹಳೇ ಅರ್ಜಿಗಳ ಕಟ್ಟು, ಪೇಪರ್ ಸಿಕ್ಕಿಸುವ ಕಂಬಿಗೆ ಯಾರದೋ ಟವೆಲ್.

ಫೈಲ್ ಪೆಟ್ಟಿಗೆ:
ಮೇಡಂ, ನಿಮ್ಮದು ಬೀಗ ಹಾಕಿದ್ದಷ್ಟೇ. ನಮ್ಮ ಸಂಘ ಕಾಗದದಲ್ಲೇ ಸತ್ತಿತ್ತು. ವಾರ್ಷಿಕ ಸಭೆ ಆದ 14 ದಿನದೊಳಗೆ ಸಂಘಗಳ ನೋಂದಣಾಧಿಕಾರಿಗೆ ಕಮಿಟಿ ಪಟ್ಟಿ ಕೊಡಬೇಕಲ್ಲ, ಹಿಂದಿನವರು ಆರು ವರ್ಷ ಕೊಟ್ಟೇ ಇರಲಿಲ್ಲ. ದಾನಿಯೊಬ್ಬರು ಐದು ಲಕ್ಷ ಹಿಡಿದುಕೊಂಡು ಬಂದರೆ ಬ್ಯಾಂಕಿನಲ್ಲಿ ಸಹಿ ಮಾಡುವ ಅಧಿಕಾರ ಯಾರಿಗೂ ಇಲ್ಲ! ಅವರು ಪಕ್ಕದ ತಾಲೂಕಿನ ಸಂಘಕ್ಕೆ ಕೊಟ್ಟು ಹೋದರು. ಇನ್ನು ಆದಾಯ ತೆರಿಗೆ ವಿನಾಯಿತಿಯ ನೋಂದಣಿ ನವೀಕರಣದ ದಿನಾಂಕ ತಪ್ಪಿದರೆ ಬರೀ ಆದಾಯಕ್ಕಲ್ಲ, ಆಸ್ತಿಯ ಮಾರುಕಟ್ಟೆ ಬೆಲೆಯಲ್ಲಿ ಸಾಲ ಕಳೆದು ಉಳಿದದ್ದಕ್ಕೇ ಗರಿಷ್ಠ ದರದ ತೆರಿಗೆ ಬೀಳುತ್ತೆ. ನಾಲ್ಕು ದಿನ ಬಾಕಿ ಇರುವಾಗ ನಾನು ಅರ್ಜಿ ಹಾಕಿದೆ, ಅಲ್ಲಿಯವರೆಗೆ ರಾತ್ರಿ ನಿದ್ದೆ ಇಲ್ಲ. ಇದೆಲ್ಲಾ ಖಜಾಂಚಿಗಳ ಕೆಲಸ, ಹೇಳಿದರೆ ಸಿಟ್ಟು ಬರುತ್ತೆ.

ಹಳೇ ಖಜಾಂಚಿ:
ಸಂಬಳ ಇಲ್ಲದೆ ಹದಿನೇಳು ವರ್ಷ ಲೆಕ್ಕ ಬರೆದಿದ್ದೇನೆ ಸ್ವಾಮಿ. ಒಂದು ವರ್ಷ ನೀವು ಬರೆದು ನೋಡಿ.

ಹೊಸ ಕಾರ್ಯದರ್ಶಿ:
ಎಲ್ಲರಿಗೂ ಥ್ಯಾಂಕ್ಸ್. ಫೈಲ್ ನಾಳೆಯೇ ತೆಗೆಸುತ್ತೇನೆ. ಲೀಸ್ ಬಗ್ಗೆ ಕೇಳಿದ್ದೆ, ಯಾರಾದರೂ...

ಬೆಳಗಿನ ಬ್ಯಾಚ್:
ಲೀಸ್‌ಗೆ ಇನ್ನೂ ಮೂರು ವರ್ಷ ಇದೆಯಲ್ಲ, ಬಿಡಿ. ನೇಪಥ್ಯದವರೇ, ನಮ್ಮಲ್ಲಿ ಬೂಟು ಬಾಗಿಲ ಹೊರಗೇ ಬಿಡಿಸುತ್ತೇವೆ. ಹರಿದ ಜಾಗದ ಫೋಟೋ ಹಾಕಲಾ?