ಒಂದೇ ಚಿತ್ರದಲ್ಲಿ ಇಂದ್ರಜಿತು ಹಲವು ಬಾರಿ ಕಾಣುವುದೇಕೆ?

ಪ್ರಶ್ನೆ:
ರಾಜಸ್ಥಾನದ ಮೇವಾಡದ ರಾಮಾಯಣ ಹಸ್ತಪ್ರತಿಯಲ್ಲಿ, ರಾಮಲಕ್ಷ್ಮಣರು ಸರ್ಪಬಾಣಗಳಿಗೆ ಸಿಕ್ಕಿ ನೆಲಕ್ಕೊರಗಿರುವ ಮಿನಿಯೇಚರ್ ಚಿತ್ರವನ್ನು ಕೆಲವು ದಿನಗಳಿಂದ ನೋಡುತ್ತಿದ್ದೇನೆ. ಅದೊಂದೇ ಹಾಳೆಯಲ್ಲಿ ಇಂದ್ರಜಿತು ಹಲವು ಕಡೆ ಕಾಣಿಸುತ್ತಾನೆ. ತಂದೆಯ ಎದುರು ಇರುವವನೇ ಆಕಾಶದಲ್ಲಿಯೂ ಇದ್ದಾನೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದೆ ಕಣ್ಣು ದಾರಿ ತಪ್ಪುತ್ತದೆ. ಇಂಥ ಚಿತ್ರವನ್ನು ನೋಡುವ ಕ್ರಮವೇನು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಎಡದಿಂದ ಬಲಕ್ಕೆ ಓದುವ ಪ್ರಯತ್ನವನ್ನು ಮೊದಲು ಬಿಟ್ಟುಬಿಡಿ. ರಾಣಾ ಒಂದನೆಯ ಜಗತ್ಸಿಂಹನ ಆಶ್ರಯದಲ್ಲಿ 1649ರಿಂದ 1653ರವರೆಗೆ ಸಿದ್ಧವಾದ ಈ ಹಸ್ತಪ್ರತಿಯ ಯುದ್ಧಕಾಂಡವನ್ನು ಚಿತ್ರಿಸಿದವನು ಸಾಹಿಬ್‌ದೀನ್. ಅವನು ಹಾಳೆಯನ್ನು ಹಂಚಿಕೊಳ್ಳುವುದು ಸ್ಥಳಗಳಿಗೆ ತಕ್ಕಂತೆ. ಅರಮನೆಯಲ್ಲಿ ಏನೇನು ನಡೆಯಿತೋ ಅದು ಅರಮನೆಯೊಳಗೆ, ಆಕಾಶದಲ್ಲಿ ನಡೆದದ್ದು ಆಕಾಶದಲ್ಲಿ; ಹಿಂದುಮುಂದಿನ ಲೆಕ್ಕವನ್ನು ಕಥೆ ಬಲ್ಲ ನೋಡುಗನೇ ಕೂಡಿಸಿಕೊಳ್ಳಬೇಕು. ಹಾಳೆಯ ಹಿಂಬದಿಯಲ್ಲಿ ವಾಲ್ಮೀಕಿಯ ಶ್ಲೋಕಗಳೇ ಬರೆಯಲ್ಪಟ್ಟಿರುವುದರಿಂದ, ಆ ಸರ್ಗಗಳನ್ನು ಪಕ್ಕದಲ್ಲಿಟ್ಟುಕೊಂಡರೆ ದಾರಿ ಸಿಗುತ್ತದೆ. ಇಂದ್ರಜಿತು ಮರೆಯಲ್ಲಿ ನಿಂತು ಬಾಣ ಬಿಡುತ್ತಾನೆ, ಲಂಕೆಗೆ ಮರಳಿ ತಂದೆಗೆ ಸುದ್ದಿ ಮುಟ್ಟಿಸುತ್ತಾನೆ, ಆಮೇಲೆ ರಾವಣನ ಅಪ್ಪಣೆಯಂತೆ ರಾಕ್ಷಸಿಯರು ಸೀತೆಯನ್ನು ಪುಷ್ಪಕ ವಿಮಾನದಲ್ಲಿ ಕರೆತಂದು, ಬಿದ್ದಿರುವ ಗಂಡನನ್ನು ತೋರಿಸುತ್ತಾರೆ. ನನ್ನ ಮನಸ್ಸು ಪ್ರತಿ ಸಲವೂ ನಿಲ್ಲುವುದು ಆ ವಿಮಾನದ ಬಳಿಯೇ. ಗಂಡ ಸತ್ತವಳನ್ನು ಪುಷ್ಪಕ ಹೊರುವುದಿಲ್ಲ, ಆದ್ದರಿಂದ ರಾಮ ಬದುಕಿಯೇ ಇದ್ದಾನೆ ಎಂದು ಕಾವಲಿನ ರಾಕ್ಷಸಿ ತ್ರಿಜಟೆ ಸೀತೆಗೆ ಹೇಳುತ್ತಾಳಲ್ಲ, ಆ ಮಾತು ನೆನಪಿದ್ದವರಿಗೆ ವಿಮಾನ ತೇಲುತ್ತಿರುವುದೇ ಸಮಾಧಾನ ಕೊಡುತ್ತದೆ.

ಉತ್ತರ 2:
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಶ್ಲೋಕಗಳ ಕಡೆಗೆ ಹೋಗುವ ಮೊದಲು ಗೆರೆಗಳನ್ನು ನೋಡುವ ಅಭ್ಯಾಸವೂ ಬೇಕೆಂದು ನನ್ನ ಅಭಿಪ್ರಾಯ. ಹಿಮಾಲಯದ ತಪ್ಪಲಿನ ಪಹಾಡಿ ಪ್ರದೇಶದ ಗುಲೇರ್‌ನಲ್ಲಿ ಮಾನಕು ಎಂಬ ಕಲಾವಿದ ಸುಮಾರು 1725ರಲ್ಲಿ ಆರಂಭಿಸಿದ ಲಂಕಾ ಮುತ್ತಿಗೆಯ ಚಿತ್ರಮಾಲೆ ಪೂರ್ಣಗೊಳ್ಳಲಿಲ್ಲ. ಅದರ ಎಷ್ಟೋ ದೊಡ್ಡ ಹಾಳೆಗಳು ಬಣ್ಣ ಕಾಣದೆ ರೇಖಾಚಿತ್ರಗಳಾಗಿಯೇ ಉಳಿದಿವೆ. ಕೋಟೆಯೆಷ್ಟು, ಬಯಲೆಷ್ಟು, ಕಪಿಸೇನೆಗೆಷ್ಟು ಜಾಗ ಎಂದು ಕಲಾವಿದ ಮೊದಲೇ ಅಳೆದುಕೊಳ್ಳುತ್ತಿದ್ದ ಬಗೆ, ಬಣ್ಣದ ಸೆಳೆತವಿಲ್ಲದ ಆ ಹಾಳೆಗಳಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ಅವುಗಳನ್ನು ನೋಡಿ ಬಂದ ಕಣ್ಣಿಗೆ ಸಾಹಿಬ್‌ದೀನನ ತುಂಬಿದ ಹಾಳೆ ಗೊಂದಲವೆನಿಸುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಸರ್ಗಗಳನ್ನು ಓದಿಕೊಂಡು ಚಿತ್ರವನ್ನು ಮತ್ತೆ ತೆರೆದೆ. ಇಷ್ಟು ದಿನ ಇಂದ್ರಜಿತುವನ್ನೇ ಎಣಿಸುತ್ತಿದ್ದ ನಾನು ಸೀತೆಯ ಪಕ್ಕದಲ್ಲಿರುವ ತ್ರಿಜಟೆಯನ್ನು ಗಮನಿಸಿಯೇ ಇರಲಿಲ್ಲ.