‘ಪ್ಯಾಟನ್’ ಚಿತ್ರ ಜನರಲ್‌ನನ್ನು ಹೊಗಳುತ್ತದೆಯೇ, ತೂಗುತ್ತದೆಯೇ?

ಪ್ರಶ್ನೆ (ಬದಿಯಡ್ಕದಿಂದ):
ನಮ್ಮೂರಿನ ವಾಚನಾಲಯದಲ್ಲಿ ಬರುವ ಭಾನುವಾರ 1970ರ ‘ಪ್ಯಾಟನ್’ ಚಿತ್ರವನ್ನು ತೋರಿಸಲಿದ್ದು, ಅದಕ್ಕೆ ಮೊದಲು ಹತ್ತು ನಿಮಿಷ ಕನ್ನಡದಲ್ಲಿ ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಹೆಸರು ಕೇಳಿದ ಹಿರಿಯರೊಬ್ಬರು, “ಅರುವತ್ತೈದರ ಯುದ್ಧದಲ್ಲಿ ಅಸಲ್ ಉತ್ತರದಲ್ಲಿ ನಮ್ಮವರು ಸುಟ್ಟ ಟ್ಯಾಂಕಲ್ಲವೇ ಅದು?” ಎಂದರು. ಆ ಟ್ಯಾಂಕಿಗೆ ಯಾರ ಹೆಸರಿಟ್ಟರೋ ಆ ಅಮೆರಿಕನ್ ಜನರಲ್‌ನ ಕಥೆಯೆಂದು ವಿವರಿಸಿದೆ. ನನ್ನ ತೊಡಕು ಬೇರೆ. ಆಸ್ಪತ್ರೆಯ ಡೇರೆಯಲ್ಲಿ ಗಾಯಾಳುವಿನ ದಿಂಬಿನ ಬಳಿ ಮಂಡಿಯೂರಿ ಪದಕವಿಡುವ ಅದೇ ಮನುಷ್ಯ, ಮರುಗಳಿಗೆಯಲ್ಲಿ ನರ ಕುಸಿದು ಅಳುತ್ತಿರುವ ಸೈನಿಕನ ಕೆನ್ನೆಗೆ ಹೊಡೆದು ಹೇಡಿಯೆಂದು ಬೈಯುತ್ತಾನೆ. ಎರಡು ಸಲ ನೋಡಿದರೂ ಚಿತ್ರ ಯಾರ ಪಕ್ಷವೆಂದು ಹೇಳಲು ನನಗೆ ಸಾಧ್ಯವಾಗಲಿಲ್ಲ.

ಉತ್ತರ 1 (ಕುಂಬಳೆಯಿಂದ):
ಪಾರ್ತಿಸುಬ್ಬನ ನಾಡಿನವರಾದ ನಮಗೆ ಇದು ಅಷ್ಟು ಕಷ್ಟವಾಗಬಾರದು. ಪರದೆ ತುಂಬುವ ರಾಷ್ಟ್ರಧ್ವಜದ ಮುಂದೆ ಎದೆತುಂಬ ಪದಕ, ಸೊಂಟದಲ್ಲಿ ದಂತದ ಹಿಡಿಯ ರಿವಾಲ್ವರ್ ಧರಿಸಿ ಜಾರ್ಜ್ ಸಿ. ಸ್ಕಾಟ್ ಆಡುವ ಸುಮಾರು ಆರು ನಿಮಿಷದ ಮಾತು ತಾಳಮದ್ದಳೆಯ ಪೀಠಿಕೆಯಲ್ಲದೆ ಇನ್ನೇನು? ಕೌರವನ ಅರ್ಥ ಹೇಳುವವರು ಎಲ್ಲಿಯೂ ಪಾತ್ರವನ್ನು ಬಿಟ್ಟುಕೊಡದೆ ವಾದಿಸುತ್ತಾರೆ. ಅದನ್ನು ಮೆಚ್ಚಿ ತಲೆದೂಗಿದ ಸಭೆ ಕೌರವನ ಪಕ್ಷ ಸೇರಿತೆಂದು ಯಾರೂ ಹೇಳುವುದಿಲ್ಲ. ಆ ಭಾಷಣ ಕೇಳುವ ಸೈನಿಕರನ್ನು ನಿರ್ದೇಶಕ ಶಾಫ್ನರ್ ಒಮ್ಮೆಯೂ ತೋರಿಸುವುದಿಲ್ಲ ಎಂಬುದನ್ನು ಗಮನಿಸಿ. ಅವರ ಜಾಗದಲ್ಲಿ ಕುಳಿತವರು ನಾವು.

ಉತ್ತರ 2 (ಮುಳ್ಳೇರಿಯದಿಂದ):
ಹೋಲಿಕೆ ಚೆನ್ನಾಗಿದೆ, ಆದರೆ ಪ್ರಸಂಗ ಬರೆದವರಾರೆಂಬುದನ್ನೂ ಕೇಳಬೇಕು. ಕೊಪ್ಪೊಲ ಮತ್ತು ನಾರ್ತ್ ಬರೆದ ಚಿತ್ರಕಥೆಗೆ ಆಧಾರವಾದ ಎರಡು ಪುಸ್ತಕಗಳಲ್ಲಿ ಒಂದು, ಅದೇ ಯುದ್ಧದಲ್ಲಿ ಪ್ಯಾಟನ್‌ನ ಜೊತೆಗಿದ್ದ ಜನರಲ್ ಬ್ರಾಡ್ಲಿಯದು. ಚಿತ್ರಕ್ಕೆ ಸೇನಾ ಸಲಹೆಗಾರರಾಗಿದ್ದವರೂ ಅವರೇ. ಪರದೆಯ ಮೇಲೆ ಬ್ರಾಡ್ಲಿ ಉದ್ದಕ್ಕೂ ಸಮಚಿತ್ತದ ವಿವೇಕಿಯಾಗಿ ಕಾಣಿಸುವುದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಹೊಡೆತದ ಪ್ರಸಂಗವೂ ಒಂದಲ್ಲ. 1943ರ ಆಗಸ್ಟ್‌ನಲ್ಲಿ ಸಿಸಿಲಿಯ ಎರಡು ಬೇರೆ ಬೇರೆ ಆಸ್ಪತ್ರೆಗಳಲ್ಲಿ ನಡೆದುದನ್ನು ಚಿತ್ರ ಒಂದಾಗಿಸಿದೆ. ಆರಂಭದ ಮಾತು 1944ರಲ್ಲಿ ಆತ ಸೈನಿಕರಿಗೆ ಮಾಡಿದ ಭಾಷಣಗಳನ್ನು ಸೋಸಿದ್ದು; ಮೂಲದ ಬೈಗುಳ ನಮ್ಮ ವಾಚನಾಲಯಕ್ಕೆ ಹೇಳಿಸಿದ್ದಲ್ಲ. ಸ್ಕಾಟ್‌ನದು ಗೊಗ್ಗರು ಗಂಟಲು, ನಿಜವಾದ ಪ್ಯಾಟನ್‌ನದು ತೆಳ್ಳನೆಯ ಏರುದನಿ.

ಇನ್ನೊಂದು ಮಾತು ನಿಮ್ಮ ಹಿರಿಯರಿಗೆ: ಚಿತ್ರದ ಬಹುಭಾಗವನ್ನು ಸ್ಪೇನ್‌ನಲ್ಲಿ ಚಿತ್ರಿಸಿದಾಗ ಅಲ್ಲಿನ ಸೇನೆಯ ಟ್ಯಾಂಕುಗಳನ್ನೇ ಬಳಸಿದ್ದರಿಂದ, ಪ್ಯಾಟನ್‌ನ ಮೇಲೆ ನುಗ್ಗಿ ಬರುವ ‘ಜರ್ಮನ್’ ಟ್ಯಾಂಕುಗಳು ಯುದ್ಧಾನಂತರ ಅವನದೇ ಹೆಸರು ಹೊತ್ತು ಬಂದ ಅಮೆರಿಕನ್ ಟ್ಯಾಂಕುಗಳು!

ಉತ್ತರ 3 (ಮಂಜೇಶ್ವರದಿಂದ):
ಏಳು ಆಸ್ಕರ್, ಶ್ರೇಷ್ಠ ನಟ ಪ್ರಶಸ್ತಿಯನ್ನು ಸ್ಕಾಟ್ ನಿರಾಕರಿಸಿದ್ದು, ಇವೆಲ್ಲ ಎಲ್ಲರೂ ಹೇಳುವ ಸಂಗತಿಗಳು. ನಾನಾದರೆ ಕೊನೆಯ ದೃಶ್ಯದ ಕಡೆಗೆ ಬೊಟ್ಟು ಮಾಡುತ್ತೇನೆ. ಅಧಿಕಾರ ಕಳೆದುಕೊಂಡ ಜನರಲ್ ನಾಯಿಯೊಡನೆ ಬಯಲಿನಲ್ಲಿ ನಡೆದುಹೋಗುತ್ತಾನೆ. 1945ರ ಡಿಸೆಂಬರಿನಲ್ಲಿ ಕಾರು ಅಪಘಾತದಿಂದ ಬಂದ ಸಾವನ್ನು ಚಿತ್ರ ತೋರಿಸುವುದೇ ಇಲ್ಲ. ಯುದ್ಧ ಮುಗಿದದ್ದೇ ಅವನಿಗೆ ಸಾಕಾದಷ್ಟು ಶಿಕ್ಷೆಯೆಂದು ಚಿತ್ರ ಮಾಡಿದವರು ಬಗೆದಂತಿದೆ. ಅದು ಹೊಗಳಿಕೆ ಅಲ್ಲವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಪೀಠಿಕೆಯನ್ನು ಪ್ಯಾಟನ್‌ನೇ ಹೇಳುವಾಗ ಅದಕ್ಕೆ ಮೊದಲು ನನ್ನದೊಂದು ಬೇಡ. ಮೂರು ಗಂಟೆಗೆ ಹತ್ತಿರದ ಚಿತ್ರವಾದ್ದರಿಂದ ನಡುವೆ ಚಹಾಕ್ಕೆ ನಿಲ್ಲಿಸಿದಾಗ ಮಾತನಾಡುತ್ತೇನೆ. ಟ್ಯಾಂಕಿನ ವಿಷಯವನ್ನು ಮಾತ್ರ ಆ ಹಿರಿಯರಿಗೆ ಇಂದು ಸಂಜೆಯೇ ತಿಳಿಸುವೆ.